ಗುಟ್ಟಿನ ಜಾಗಕ್ಕೆ ಬಂದ ಬುತ್ತಿ

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಇಂಗ್ಲೆಂಡಿಗೆ ಓದಲು ಹೋದವರಿದ್ದಾರೆ, ಮಗಳ ಬಾಣಂತನಕ್ಕೆ ಹೋದವರಿದ್ದಾರೆ, ಕ್ರಿಕೆಟ್ ನೋಡಲು ಹೋಗಿ ಮಳೆ ನೋಡಿಕೊಂಡು ಬಂದವರೂ ಇದ್ದಾರೆ. ಅಪಹರಣಕ್ಕೆ ಒಳಗಾಗಲೆಂದೇ ಹೋದವಳು ಬಹುಶಃ ನಾನೊಬ್ಬಳೇ. ಪಾಸ್‌ಪೋರ್ಟ್ ನೋಡುವ ಕೌಂಟರಿನ ಹೆಂಗಸು ಬಂದ ಕಾರಣ ಕೇಳಿದರು. ತರಬೇತಿ ಎಂದೆ. ಎಂಥ ತರಬೇತಿ ಎಂದರು. ಬಾಯಲ್ಲಿ ಹೇಳಲು ಧೈರ್ಯ ಸಾಲದೆ ಪತ್ರವನ್ನೇ ಮುಂದಿಟ್ಟೆ. ಅದರಲ್ಲಿ ಎರಡನೇ ದಿನದ ಕಾರ್ಯಕ್ರಮ ಹೀಗಿತ್ತು: ಬೆಳಿಗ್ಗೆ ಗಾಯಾಳುಗಳ ಆರೈಕೆ, ಆಮೇಲೆ ಊಟ, ಊಟವಾದ ಮೇಲೆ ಅಪಹರಣ. ಆಕೆ ಎರಡು ಸಲ ಓದಿ, ಮುಖದ ಒಂದು ಗೆರೆಯೂ ಅಲುಗದಂತೆ ಮುದ್ರೆ ಒತ್ತಿ, "ಚಳಿ ಇದೆ, ಸ್ವೆಟರ್ ತಂದಿದ್ದೀರಿ ತಾನೇ?" ಎಂದರು. ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನೆಲ್ಲ ನಾನಿಲ್ಲಿ ಕನ್ನಡದಲ್ಲೇ ಕೊಡುತ್ತಿದ್ದೇನೆ, ನನಗೆ ಅರ್ಥವಾದಷ್ಟು.

ನನ್ನ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಯುದ್ಧ ನಡೆಯುವ ಕಡೆಗಳಿಗೆ ಔಷಧ ಮುಟ್ಟಿಸುವ ಒಂದು ಸಂಸ್ಥೆಯಲ್ಲಿ ನಾನು ಒಂಬತ್ತು ವರ್ಷ ಗೋದಾಮು ನೋಡಿಕೊಂಡಿದ್ದೆ. ಪೆಟ್ಟಿಗೆ ಎಣಿಸುವುದು, ಫ್ರಿಜ್ ತಣ್ಣಗಿದೆಯೋ ನೋಡುವುದು, ಡ್ರೈವರುಗಳ ಹತ್ತಿರ ಜಗಳ. ಈಗ ಬಡ್ತಿ ಬಂದಿತ್ತು. ನಮ್ಮ ಸಿಬ್ಬಂದಿ ಯಾವ ದಾರಿಯಲ್ಲಿ ಹೋಗಬಹುದು, ಯಾವತ್ತು ಮನೆಯಲ್ಲೇ ಕೂರಬೇಕು ಎಂದು ತೀರ್ಮಾನಿಸುವುದು, ಮತ್ತು ದಾರಿಯಲ್ಲಿ ಬಂದೂಕು ಹಿಡಿದು ನಿಂತವರ ಹತ್ತಿರ ಮಾತಾಡಿ ಔಷಧದ ಗಾಡಿಯನ್ನು ದಾಟಿಸುವುದು. ನಾನು ಹೋಗಬೇಕಾಗಿದ್ದ ಊರಿನ ಗೋದಾಮಿನಲ್ಲಿ ಇನ್ಸುಲಿನ್ ಇತ್ತು. ಕಾಳಗದ ಗಡಿಯ ಆಚೆಗಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯ ಮಕ್ಕಳಿದ್ದರು. ನಡುವೆ ಏಳು ಚೆಕ್‌ಪೋಸ್ಟ್. ಹಿಂದೆ ಈ ಕೆಲಸ ನೋಡುತ್ತಿದ್ದವರು ಆರೋಗ್ಯ ಕೆಟ್ಟು ಊರಿಗೆ ಮರಳಿದ ಮೇಲೆ ಗಾಡಿ ಹೊರಟೇ ಇರಲಿಲ್ಲ. ಈ ತರಬೇತಿ ಪಾಸಾಗದವರನ್ನು ಆ ಕುರ್ಚಿಯಲ್ಲಿ ಕೂರಿಸುವಂತಿಲ್ಲ ಎಂಬುದು ಸಂಸ್ಥೆಯ ನಿಯಮ. ನಾನು ಪಾಸಾದರೆ ಗಾಡಿ ಹೊರಡುತ್ತದೆ, ಫೇಲಾದರೆ ಇನ್ನೊಬ್ಬರು ಸಿಗುವವರೆಗೆ ಇನ್ಸುಲಿನ್ ಫ್ರಿಜ್‌ನಲ್ಲೇ ಇರುತ್ತದೆ.

ಇಷ್ಟು ಗಂಭೀರವಾದ ವಿದ್ಯೆಯನ್ನು ಕಲಿಸುವ ಜಾಗ ಯಾವುದೆಂದರೆ ಯಾರ್ಕ್‌ಷೈರಿನ ಕುರಿ ಮೇಯುವ ಗುಡ್ಡ.

ಹಡರ್ಸ್‌ಫೀಲ್ಡ್, ಅತ್ತೆಯ ಮನೆ

ತರಬೇತಿಗೆ ಎರಡು ದಿನ ಮೊದಲೇ ಹೋಗಿ ಸುಮಿತ್ರಾ ಅತ್ತೆಯ ಮನೆಯಲ್ಲಿ ಇಳಿದುಕೊಂಡೆ. ಅಪ್ಪನ ಚಿಕ್ಕಪ್ಪನ ಮಗಳು. ಅವರ ಯಜಮಾನರು, ನನ್ನ ಮಾವ, ಹಡರ್ಸ್‌ಫೀಲ್ಡಿನ ಹೊರವಲಯದಲ್ಲಿ ಮೂವತ್ತು ವರ್ಷ ಜಿಪಿ, ಅಂದರೆ ಬಡಾವಣೆಯ ವೈದ್ಯ, ಆಗಿದ್ದು ಈಚೆಗೆ ನಿವೃತ್ತರಾದ ಡಾಕ್ಟರು. ಅವರ ಕ್ಲಿನಿಕ್ಕಿನಲ್ಲೇ ಅತ್ತೆ ಇಪ್ಪತ್ತು ವರ್ಷ ರಿಸೆಪ್ಷನ್‌ನಲ್ಲಿ ಕೂತಿದ್ದರು. ಹಾಗಾಗಿ ಆ ಕಣಿವೆಯಲ್ಲಿ ಕೆಮ್ಮಿದವರೆಲ್ಲ ಅತ್ತೆಗೆ ಪರಿಚಯ.

ವಿಮಾನ ಇಳಿದಾಗಿನಿಂದ ಅತ್ತೆಯ ಮೆಸೇಜ್ ಶುರುವಾಗಿತ್ತು. ಎಲ್ಲಿದ್ದೀಯ, ಟ್ರೈನ್ ಸಿಕ್ತಾ, ಕೂತ್ಯಾ, ಈಗ ಎಲ್ಲಿ. ನಾನೂ ಚಾಚೂ ತಪ್ಪದೆ ಉತ್ತರಿಸುತ್ತಿದ್ದೆ. ನಮ್ಮ ಮನೆತನದ ಪದ್ಧತಿಯೇ ಇದು. ದಾವಣಗೆರೆಯಿಂದ ಬೆಂಗಳೂರಿಗೆ ಹೊರಟರೂ ಮನೆಯ ಗ್ರೂಪಿನಲ್ಲಿ ವರದಿ ಬೀಳುತ್ತಲೇ ಇರಬೇಕು: ಬಸ್ ಹತ್ತಿದೆ, ಕಿಟಕಿ ಪಕ್ಕ ಸೀಟು, ಚಿತ್ರದುರ್ಗ ದಾಟಿತು, ತಿಂಡಿಗೆ ನಿಲ್ಲಿಸಿದ್ದಾರೆ, ತುಮಕೂರು, ತಲುಪಿದೆ. ಒಂದು ಊರು ಬಿಟ್ಟುಹೋದರೆ ದೊಡ್ಡಪ್ಪ ಫೋನ್ ಮಾಡಿ, "ಶಿರಾ ಯಾಕೆ ಹೇಳಲಿಲ್ಲ?" ಎಂದು ಕೇಳುತ್ತಾರೆ. ಈ ರೂಢಿ ಸಮುದ್ರ ದಾಟಿ ನನ್ನ ಜೊತೆಗೇ ಬಂದಿದ್ದುದು ನನ್ನ ಗಮನಕ್ಕೇ ಬಂದಿರಲಿಲ್ಲ.

ಮರುದಿನ ಅತ್ತೆ ನನ್ನನ್ನು ಬಸ್ಸಿನಲ್ಲಿ ಊರು ಸುತ್ತಿಸಿದರು. ಅಲ್ಲಿ ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳಿಯೇ ಇಳಿಯುತ್ತಾರೆ. ಅಜ್ಜಿ, ಶಾಲೆಯ ಹುಡುಗಿ, ಕಿವಿಗೆ ಏನೋ ಸಿಕ್ಕಿಸಿಕೊಂಡ ಪಡ್ಡೆ, ಎಲ್ಲರೂ. ನಮ್ಮೂರಿನಲ್ಲಿ ಹಾಗೆ ಹೇಳಿದರೆ ಡ್ರೈವರ್ ತಿರುಗಿ ನೋಡಿ, "ಏನಕ್ಕ, ಏನಾದ್ರೂ ಮರೆತ್ರಾ?" ಎನ್ನುತ್ತಾನೆ.

"ತರಬೇತಿ ಎಲ್ಲಿ?" ಎಂದು ಅತ್ತೆ ಕೇಳಿದರು.

"ಗುಡ್ಡದ ಮೇಲೆ ಯಾವುದೋ ಫಾರ್ಮ್ ಅಂತೆ. ಸರಿಯಾದ ಜಾಗ ಹೇಳಿಲ್ಲ, ವ್ಯಾನಲ್ಲಿ ಕರ್ಕೊಂಡು ಹೋಗ್ತಾರೆ."

"ಊಟ?"

"ಅವರೇ ಕೊಡ್ತಾರಂತೆ."

ಅತ್ತೆಯ ಮುಖ ನೋಡಿದರೆ ನನ್ನನ್ನು ಆಗಲೇ ಯಾರೋ ಅಪಹರಿಸಿದಂತಿತ್ತು.

ಗುಡ್ಡದ ಮೇಲೆ, ಮೊದಲೆರಡು ದಿನ

ತರಬೇತಿ ಕೊಡುವವನ ಹೆಸರು ಕೀತ್. ಸೈನ್ಯದಲ್ಲಿದ್ದು, ಆಮೇಲೆ ನಮ್ಮಂಥ ಸಂಸ್ಥೆಗಳ ಜೊತೆ ಹತ್ತಾರು ಕೆಟ್ಟ ದಾರಿಗಳಲ್ಲಿ ಓಡಾಡಿದ ಮನುಷ್ಯ. ಮಾತು ಬಹಳ ಕಡಿಮೆ. ಆ ಕಡೆಯ ಜನರಲ್ಲಿ ಹೊಗಳಿಕೆಯ ಶಿಖರವೆಂದರೆ "ಪರವಾಗಿಲ್ಲ". ಅದಕ್ಕಿಂತ ಮೇಲೆ ಏನಾದರೂ ಹೇಳಬೇಕಾಗಿ ಬಂದರೆ ಕೆಮ್ಮುತ್ತಾರೆ.

ನಾವು ಎಂಟು ಮಂದಿ. ನನ್ನ ಜೋಡಿ ಸೆನೆಗಲ್ಲಿನ ಮರಿಯಾಮ್ ಎಂಬ ನರ್ಸ್. ನಮ್ಮನ್ನು ಕಾಡಲು ಊರಿನ ಹವ್ಯಾಸಿ ನಾಟಕ ತಂಡದವರನ್ನು ಕರೆಸಿದ್ದರು. ಮರದ ಬಂದೂಕು, ಸೈನ್ಯದ ಹಳೆಯ ಅಂಗಿ, ಕಪ್ಪು ಟೋಪಿ. ಅವರ ಕಮಾಂಡರ್ ಡೆರಿಕ್, ನಿವೃತ್ತ ಬಸ್ ಡ್ರೈವರ್. ಈ ಡೆರಿಕ್ ಎರಡನೇ ದಿನ ಊಟವಾದ ಮೇಲೆ, ಪತ್ರದಲ್ಲಿ ಬರೆದಿದ್ದ ಸಮಯಕ್ಕೆ ಸರಿಯಾಗಿ ನಮ್ಮ ಗಾಡಿ ಅಡ್ಡಗಟ್ಟಿ, ತಲೆಗೆ ಚೀಲ ಹಾಕಿ, ಕುರಿದೊಡ್ಡಿಯಲ್ಲಿ ಮಂಡಿಯೂರಿಸಿ ಕೂಗಾಡಿದ. ಇದು ನಾಟಕವೆಂಬುದೇ ನನಗೆ ಮರೆತುಹೋಯಿತು. ಆದರೆ ನಾಲ್ಕು ಗಂಟೆಯಾಗುತ್ತಲೇ ಯಾರೋ ಸೀಟಿ ಊದಿದರು. ಡೆರಿಕ್ ನನ್ನ ತಲೆಯ ಚೀಲ ತೆಗೆದು, "ಹಾಲು ಹಾಕಲೇ?" ಎಂದು ಕೇಳಿದ. ಟೀ ಹೊತ್ತಿಗೆ ಅಲ್ಲಿ ಅಪಹರಣವೂ ನಿಲ್ಲುತ್ತದೆ.

ಊಟದ ವಿಷಯ. ಮೊದಲ ದಿನ ಸಿಪ್ಪೆ ಸಮೇತ ಬೇಯಿಸಿದ ಇಡೀ ಆಲೂಗೆಡ್ಡೆ, ಅದರ ಹೊಟ್ಟೆ ಸೀಳಿ ಸಿಹಿ ಟೊಮೆಟೊ ರಸದ ಬೀನ್ಸ್. ಎರಡನೇ ದಿನ ಅದೇ ಆಲೂಗೆಡ್ಡೆ, ಅದರ ಹೊಟ್ಟೆಯಲ್ಲಿ ಚೀಸ್. ಇದನ್ನು ಅತ್ತೆಗೆ ಫೋಟೊ ಸಮೇತ ವರದಿ ಮಾಡಿದ್ದೆ. ಅಲ್ಲೇ ನಾನು ಎಡವಿದ್ದು.

ಮೂರನೇ ದಿನ, ಎರಡನೇ ಚೆಕ್‌ಪೋಸ್ಟ್

ಮೂರನೇ ದಿನ ದೊಡ್ಡ ಪರೀಕ್ಷೆ. ಔಷಧದ ಪೆಟ್ಟಿಗೆಯನ್ನು ಮೂರು ಚೆಕ್‌ಪೋಸ್ಟ್ ದಾಟಿಸಿ, ಗುಡ್ಡದಾಚೆಯ ಕೊಟ್ಟಿಗೆಗೆ ಮುಟ್ಟಿಸಬೇಕು. ಕೊಟ್ಟಿಗೆಯೇ ಆಸ್ಪತ್ರೆ ಎಂದುಕೊಳ್ಳಬೇಕು. ದಾರಿಯ ನಕ್ಷೆಯನ್ನು ಬೆಳಿಗ್ಗೆ ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಕೀತ್, "ಇದು ಈ ಗಾಡಿಯ ಆಚೆ ಹೋಗಬಾರದು" ಎಂದ. ಎಲ್ಲರೂ ತಲೆಯಾಡಿಸಿದೆವು. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವಳು ನಾನು.

ಗಾಡಿ ಹತ್ತುವಾಗ ಅತ್ತೆಯ ಮೆಸೇಜ್ ಬಂತು. "ಎಲ್ಲಿದ್ದೀಯ? ತಿಂಡಿ ಆಯ್ತಾ?" ನನ್ನ ಹೆಬ್ಬೆರಳಿಗೆ ಅದರದೇ ಆದ ಬುದ್ಧಿಯಿದೆ. ತಿಂಡಿ ಆಯ್ತು, ಈಗ ಇಲ್ಲಿ ಎಂದು ಮೊಬೈಲಿನ ಮ್ಯಾಪಿನಿಂದ ನಿಂತ ಜಾಗವನ್ನು ಕಳಿಸಿಯೇಬಿಟ್ಟಿತು. ಮೊದಲ ಚೆಕ್‌ಪೋಸ್ಟ್ ದಾಟಿದ ಮೇಲೆ ಅದನ್ನೂ ಹೇಳಿತು. ದಾವಣಗೆರೆ ಹೇಳಿದ ಮೇಲೆ ಚಿತ್ರದುರ್ಗ ಹೇಳದಿರುವುದು ಹೇಗೆ?

ಎರಡನೇ ಚೆಕ್‌ಪೋಸ್ಟಿನಲ್ಲಿ ಡೆರಿಕ್ ಇದ್ದ. ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ: ನಾವು ಯಾವ ಪಕ್ಷದವರೂ ಅಲ್ಲ, ಇದು ಔಷಧ, ಇದು ಅನುಮತಿ ಪತ್ರ, ದಯವಿಟ್ಟು ಬೇಗ ಬಿಡಿ. ಕೊನೆಯದು ಕಲಿಸಿದ್ದಲ್ಲ, ನಾನೇ ಸೇರಿಸಿದ್ದು. ಡೆರಿಕ್ ಪತ್ರವನ್ನು ತಲೆಕೆಳಗಾಗಿ ಹಿಡಿದು ಓದಿ, ನಮ್ಮನ್ನು ಒದ್ದೆ ಹುಲ್ಲಿನ ಮೇಲೆ ಕೂರಿಸಿದ. ಮುಕ್ಕಾಲು ಗಂಟೆಯಾದರೂ ಬಿಡಲಿಲ್ಲ. ನಾನು ಗಡಿಯಾರ ನೋಡಿದಷ್ಟೂ ಅವನ ದನಿ ಏರುತ್ತಿತ್ತು.

ಆಗ ಕುರಿಗಳ ಕಾಲುದಾರಿಯಲ್ಲಿ ಒಂದು ಸಣ್ಣ ಕೆಂಪು ಕಾರು ಕುಪ್ಪಳಿಸುತ್ತ ಮೇಲೆ ಬಂತು.

ಮೊದಲು ನನಗೆ ಕಂಡದ್ದು ಕಾರಲ್ಲ, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದ ನಾಲ್ಕು ಡಬ್ಬಿಯ ದೊಡ್ಡ ಊಟದ ಕ್ಯಾರಿಯರ್. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ಅಡ್ಡಗಂಬದ ಮುಂದೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಗಾಜು ಇಳಿಸಿದರು. ಡೆರಿಕ್ ಬಂದೂಕು ಎತ್ತಿಕೊಂಡು ಗುಡುಗುತ್ತ ಹೋದ.

"ಗುಡ್ ಮಾರ್ನಿಂಗ್ ಡೆರಿಕ್. ಅಮ್ಮ ಚೆನ್ನಾಗಿದ್ದಾರಾ?"

ಕಮಾಂಡರ್ ಬಂದೂಕನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಟೋಪಿ ತೆಗೆದ. "ಚೆನ್ನಾಗಿದ್ದಾರೆ, ಮಿಸೆಸ್ ಪ್ರಸಾದ್. ತೊಂಬತ್ತು ತುಂಬುತ್ತೆ."

ಅತ್ತೆಗೆ ಯಾವ ಅವಸರವೂ ಇರಲಿಲ್ಲ. ಅಮ್ಮನ ನಂತರ ತಂಗಿ, ತಂಗಿಯ ನಂತರ ತೋಟದ ಲೀಕ್ಸ್ ಎಂಬ ಈರುಳ್ಳಿ ಜಾತಿಯ ಗಿಡ ಎಲ್ಲ ಆಯಿತು. ಒಳಗೆ ಬಿಡು ಎಂದು ಒಂದು ಸಲವೂ ಕೇಳಲಿಲ್ಲ. ಡೆರಿಕ್ ತಾನಾಗಿಯೇ ಹೋಗಿ ಅಡ್ಡಗಂಬ ಎತ್ತಿದ.

"ರೇಣು, ಯಾಕೆ ಒದ್ದೆ ನೆಲದಲ್ಲಿ ಕೂತಿದ್ದೀಯ? ಶೀತ ಆಗಲ್ವಾ?" ಎಂದು ಕೂಗಿದರು ಅತ್ತೆ. "ಏಳು, ತಟ್ಟೆ ಇಳಿಸ್ಕೊ. ಎಲ್ಲರಿಗೂ ಸಾಕಾಗೋಷ್ಟು ತಂದಿದ್ದೀನಿ."

ಚಿತ್ರಾನ್ನ, ಮೊಸರನ್ನ, ಬೆಂಡೆಕಾಯಿ ಪಲ್ಯ, ಕೋಸಂಬರಿ. ಮರಿಯಾಮ್ ನನ್ನ ಮುಖ ನೋಡಿದಳು, ನಾನು ಹುಲ್ಲು ನೋಡಿದೆ. ಬಂದೂಕುಗಳನ್ನು ಕಲ್ಲುಗೋಡೆಗೆ ಒರಗಿಸಿ ಬಂಡುಕೋರರು ಸಾಲಾಗಿ ಕೂತರು. ಹೊಟ್ಟೆಗೆ ಗುಂಡು ತಗುಲಿದವನ ಪಾತ್ರದಲ್ಲಿ ಕೆಂಪು ಬಣ್ಣ ಬಳಿದುಕೊಂಡು ನರಳುತ್ತ ಬಿದ್ದಿದ್ದವನು ಎದ್ದು ಬಂದು, ನಿಂಬೆಹುಳಿಯ ಅನ್ನ ಇನ್ನೊಂದು ಸ್ವಲ್ಪ ಸಿಗಬಹುದೇ ಎಂದು ಕೇಳಿದ. "ಹೊಟ್ಟೆಗೆ ಪೆಟ್ಟಾಗಿದ್ರೆ ಮೊಸರನ್ನ ತಿನ್ನಿ" ಎಂದು ಅತ್ತೆ ಅದನ್ನೇ ಬಡಿಸಿದರು.

ಮೇಲಿನಿಂದ ದುರ್ಬೀನಿನಲ್ಲಿ ಎಲ್ಲವನ್ನೂ ನೋಡುತ್ತಿದ್ದ ಕೀತ್ ನಿಧಾನವಾಗಿ ಇಳಿದು ಬಂದ. ಅತ್ತೆ ಅವನಿಗೂ ತಟ್ಟೆ ಕೊಟ್ಟರು. ಎರಡು ಸಲ ಹಾಕಿಸಿಕೊಂಡು ತಿಂದು, ತಟ್ಟೆಯನ್ನು ತಾನೇ ತೊಳೆದು, ಕೆಮ್ಮಿದ. ಆಮೇಲೆ ನನ್ನ ಕಡೆ ತಿರುಗಿ, "ಮೂರು ಗಂಟೆಗೆ ನನ್ನ ಕೋಣೆಗೆ ಬಾ" ಎಂದ.

ಕೀತನ ಕೋಣೆ

"ಅವರಿಗೆ ಜಾಗ ಹೇಗೆ ಗೊತ್ತಾಯಿತು?"

"ನಾನೇ ಕಳಿಸಿದೆ."

"ಯಾಕೆ?"

ಯಾಕೆಂದು ಹೇಳುವುದು? ದೊಡ್ಡಪ್ಪ, ಶಿರಾ, ಕಿಟಕಿ ಪಕ್ಕದ ಸೀಟು ಎಲ್ಲವನ್ನೂ ವಿವರಿಸಿದೆ. ಅವನು ನಗದೆ ಕೇಳಿಸಿಕೊಂಡ. ಅವನು ಒಂದು ಸಲ ನಕ್ಕಿದ್ದರೂ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಮ್ಮ ಆಂಟಿ ದಾಟಿದ ರೀತಿಯಿದೆಯಲ್ಲ, ಅದನ್ನು ಕಲಿಸಲು ನನಗೆ ಐದು ದಿನ ಸಾಲುವುದಿಲ್ಲ" ಎಂದ. "ಆದರೆ ಅವರು ಅಲ್ಲಿಗೆ ಬಂದದ್ದೇ ತಪ್ಪು. ನನ್ನ ಹತ್ತಿರ ಒಬ್ಬ ಡ್ರೈವರ್ ಇದ್ದ. ಒಳ್ಳೆಯ ಡ್ರೈವರ್. ದಿನಾ ಸೇತುವೆ ಹತ್ತಿರ ಬಂದಾಗ ಹೆಂಡತಿಗೆ ಫೋನ್ ಮಾಡಿ, ಸೇತುವೆಗೆ ಬಂದೆ, ಅಡುಗೆ ಬಿಸಿ ಮಾಡು ಅನ್ನುತ್ತಿದ್ದ. ಬೇರೆ ಯಾರೋ ಅದನ್ನು ಕೇಳಿಸಿಕೊಳ್ಳುತ್ತಿದ್ದರು."

ಒಂದು ದಿನ ಆ ಅಡುಗೆ ತಣ್ಣಗಾಗಿಯೇ ಉಳಿದಿರಬೇಕು. ಸಾಯುವಷ್ಟು ನಾಚಿಕೆಯಾಯಿತು. ಅಷ್ಟು ಹೊತ್ತು ಇದನ್ನು ಊರಿಗೆ ಹೋಗಿ ಹೇಗೆ ರಸವತ್ತಾಗಿ ಹೇಳುವುದೆಂದು ಒಳಗೊಳಗೇ ಯೋಚಿಸುತ್ತಿದ್ದವಳು ನಾನು. ನನ್ನ ಗಾಡಿಯಲ್ಲಿ ಕೂರುವ ಡ್ರೈವರಿಗೂ ಮನೆಯಲ್ಲಿ ಅಡುಗೆ ಬಿಸಿ ಮಾಡುವವರು ಇರುತ್ತಾರೆ.

"ಇವತ್ತಿನದು ಫೇಲ್. ನಾಳೆ ಇನ್ನೊಂದು ಅವಕಾಶ, ಒಂದೇ" ಎಂದ ಕೀತ್, ಬಿಸ್ಕತ್ತಿನ ಖಾಲಿ ಡಬ್ಬಿ ಮುಂದೆ ಹಿಡಿದ. ಫೋನನ್ನು ಅದರಲ್ಲಿ ಹಾಕಿದೆ. ಹಾಕುವ ಮುನ್ನ ಅತ್ತೆಗೆ, ನಾಳೆ ಬರಬೇಡಿ, ನಾನು ಆರಾಮ ಎಂದಷ್ಟೇ ಬರೆದಿದ್ದೆ. ಡಬ್ಬಿಯೊಳಗೆ ಅದು ಟಿಣ್ ಟಿಣ್ ಎಂದು ಮೂರು ಸಲ ಕೂಗಿತು. "ಯಾಕೆ? ಚಿತ್ರಾನ್ನ ಚೆನ್ನಾಗಿರ್ಲಿಲ್ವಾ?" ಎಂಬುದು ಅದರಲ್ಲೊಂದು ಎಂದು ನೋಡದೆಯೇ ಹೇಳಬಲ್ಲೆ.

ನಾಲ್ಕನೇ ದಿನ

ಬೇರೆ ದಾರಿ, ಅದೇ ಪೆಟ್ಟಿಗೆ, ಅದೇ ಡೆರಿಕ್. ಮರಿಯಾಮಳನ್ನು ಗಾಡಿಯಲ್ಲೇ ಕೂರಿಸಿ, ನಾನು ಎಂಜಿನ್ ಆರಿಸಿ ಗಾಜು ಇಳಿಸಿದೆ. ಗಡಿಯಾರವನ್ನು ಬಿಚ್ಚಿ ಆಗಲೇ ಜೇಬಿಗೆ ಹಾಕಿಕೊಂಡಿದ್ದೆ.

ಡೆರಿಕ್ ನಿನ್ನೆಯ ಮರ್ಯಾದೆ ವಸೂಲಿ ಮಾಡುವವನಂತೆ ಕೂಗಾಡಿದ. ಕೂಗಾಡಲಿ ಎಂದು ಬಿಟ್ಟೆ. ಕೆಳಗಿಳಿ ಎಂದ, ಇಳಿದೆ. ಕಲ್ಲಿನ ಮೇಲೆ ಕೂರಬಹುದೇ ಎಂದು ಕೇಳಿದೆ. ಅವನಿಗೆ ಆ ಪ್ರಶ್ನೆಗೆ ಉತ್ತರ ಬರೆದುಕೊಟ್ಟಿರಲಿಲ್ಲವೋ ಏನೋ, ಕೂರು ಎಂದ. ಕೂತೆ. ತುಂತುರು ಬಿತ್ತು, ನಿಂತಿತು, ಮತ್ತೆ ಬಿತ್ತು. ಕೊನೆಗೆ ಅವನೇ, "ಪೆಟ್ಟಿಗೆಯಲ್ಲಿ ಏನಿದೆ?" ಎಂದ.

"ಇನ್ಸುಲಿನ್. ನಿಮ್ಮ ಕಡೆಯವರಿಗೂ ಯಾರಿಗಾದರೂ ಬೇಕಾಗಬಹುದು ಅಲ್ಲವೇ? ಯಾರನ್ನು ಕೇಳಿದರೆ ತಿಳಿಯುತ್ತದೆ?"

ಡೆರಿಕ್ ದನಿ ತಗ್ಗಿಸಿ, "ನನ್ನ ಹೆಂಡತಿಗೇ ಬೇಕು. ಹನ್ನೊಂದು ವರ್ಷದಿಂದ" ಎಂದ. ಅದು ನಾಟಕದ ಕಮಾಂಡರನ ಹೆಂಡತಿಯೋ, ಹಡರ್ಸ್‌ಫೀಲ್ಡಿನ ಡ್ರೈವರನ ಹೆಂಡತಿಯೋ ನನಗೆ ತಿಳಿಯಲಿಲ್ಲ. ಅವರ ಊಟ ತಿಂಡಿಯ ಬಗ್ಗೆ ಕೇಳಿದೆ, ಹೇಳಿದ. ಒಂದು ದಿನ ಮದ್ದು ತಪ್ಪಿದರೆ ಏನಾಗುತ್ತದೆ ಎಂಬುದನ್ನು ನನಗಿಂತ ಚೆನ್ನಾಗಿ ಅವನೇ ಹೇಳಿದ. ಹೇಳುತ್ತ ಹೇಳುತ್ತ ಅಡ್ಡಗಂಬದ ಮೇಲೆ ಕೈಯಿಟ್ಟ.

ಸೀಟಿ ಮೊಳಗಿತು. ಟೀ. ಡೆರಿಕ್ ಫ್ಲಾಸ್ಕಿನಿಂದ ನನಗೂ ಬಗ್ಗಿಸಿಕೊಟ್ಟು, ಟೋಪಿ ತೆಗೆದು, ನಮ್ಮ ಮಾವನ ತರಹವೇ ನಕ್ಕ. "ಚೆನ್ನಾಗಿ ಮಾಡಿದೆ ಕಣಮ್ಮ. ಅಲ್ಲ, ಇದಾದ ಮೇಲೆ ನಿನ್ನನ್ನು ಕಳಿಸೋದು ಯಾವ ಊರಿಗೆ?"

ಊರಿನ ಹೆಸರು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಟೀ ಕೊಟ್ಟವರಿಗೆ ಹೋಗುವ ಊರು ಹೇಳದಿರುವುದು ನಮ್ಮಲ್ಲಿ ಸೊಕ್ಕು. ಎದುರಿಗಿರುವುದು ನಾಟಕವಲ್ಲ, ಅತ್ತೆಯ ಪರಿಚಯದ ಮನುಷ್ಯ. ಒಂದು ಗುಟುಕು ಟೀ ಕುಡಿದೆ, ನಾಲಿಗೆ ಸುಟ್ಟಿತು. ಅದೇ ಒಳ್ಳೆಯದಾಯಿತು.

"ಇಂಗ್ಲೆಂಡಿಗಿಂತ ಬಿಸಿಲು ಜಾಸ್ತಿ ಇರುವ ಕಡೆಗೆ" ಎಂದೆ.

"ಅದು ಎಲ್ಲ ಕಡೆಯೂ ಇದೆ" ಎಂದ ಡೆರಿಕ್. ಆಮೇಲೆ ನನ್ನ ತಲೆಯ ಮೇಲಿಂದ ಗುಡ್ಡದ ಕಡೆ ನೋಡಿ, ಹೆಬ್ಬೆರಳು ಎತ್ತಿ ತೋರಿಸಿದ. ಅಲ್ಲಿ ಕೀತ್ ದುರ್ಬೀನು ಇಳಿಸುತ್ತಿದ್ದ. ಡೆರಿಕ್‌ನ ಬಾಯಿಂದ ಆ ಪ್ರಶ್ನೆ ಕೇಳಿಸಿದ್ದೂ ಅವನೇ! ಟೀ ಹೊತ್ತನ್ನೂ ಪರೀಕ್ಷೆಗೆ ಬಳಸುವ ಆಂಗ್ಲರು ಇದ್ದಾರೆಂದು ಅವತ್ತು ಗೊತ್ತಾಯಿತು. ಅಡ್ಡಗಂಬ ಎತ್ತಿದ ಡೆರಿಕ್‌ಗೆ ನಾನು ಗಾಡಿಯಿಂದಲೇ ಥ್ಯಾಂಕ್ಯೂ ಕೂಗಿದೆ. ಬಸ್ ಡ್ರೈವರ್ ಅಲ್ಲವೇ, ಅಭ್ಯಾಸದಿಂದ ಕೈಯೆತ್ತಿದ.

ಐದನೇ ದಿನ ಕೀತ್ ಪ್ರಮಾಣಪತ್ರ ಕೊಡುವಾಗ "ಪರವಾಗಿಲ್ಲ" ಎಂದ. ಕೆಮ್ಮಲಿಲ್ಲ. ಬುತ್ತಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ.

ಮತ್ತೆ ಅತ್ತೆಯ ಮನೆ

ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ, ಆ ಡ್ರೈವರನ ಸೇತುವೆಯ ಕಥೆಯನ್ನೂ. ಅತ್ತೆಗೆ ಸಿಟ್ಟು ಬಂತು.

"ಇಪ್ಪತ್ತು ವರ್ಷ ರಿಸೆಪ್ಷನ್‌ನಲ್ಲಿ ಕೂತಿದ್ದೆ ಕಣೇ. ಯಾರಿಗೆ ಏನು ಕಾಯಿಲೆ ಅಂತ ನಿಮ್ಮ ಮಾವನ ಹತ್ತಿರ ಊಟದ ಹೊತ್ತಲ್ಲೂ ಎತ್ತಿಲ್ಲ. ಡೆರಿಕ್ ಹತ್ತಿರ ಅವರಮ್ಮ ಚೆನ್ನಾಗಿದ್ದಾರಾ ಅಂದೆ, ಏನಾಗಿತ್ತು ಅಂತ ನಾನು ಕೇಳಿದ್ನಾ? ಇದು ಗುಟ್ಟು ಅಂತ ನೀನು ಒಂದು ಮಾತು ಹೇಳಿದ್ರೆ ನಾನು ಬರ್ತಿದ್ನಾ?"

ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಗುಟ್ಟೆಂದರೆ ಮದುವೆ ಮಾತುಕತೆ ಮಾತ್ರ.

ಮರುದಿನ ಮ್ಯಾಂಚೆಸ್ಟರಿನಿಂದ ಸೀದಾ ಕೆಲಸದ ಊರಿಗೆ ನನ್ನ ವಿಮಾನ. ಅತ್ತೆ ಸೂಟ್‌ಕೇಸಿನ ಮುಂದೆ ಕೂತರು. "ಬಿಸಿಲೋ ಚಳಿಯೋ, ಅಷ್ಟಾದ್ರೂ ಹೇಳು. ಚಟ್ನಿಪುಡಿಗೆ ಎಣ್ಣೆ ಕಲಸಿ ಕೊಡ್ಲೋ, ಹಾಗೇ ಕೊಡ್ಲೋ?"

"ಹೇಳೋ ಹಾಗಿಲ್ಲ ಅತ್ತೆ."

ಡೆರಿಕ್‌ಗೆ ಹೇಳದಿರುವುದು ಇದರ ಮುಂದೆ ಏನೂ ಅಲ್ಲ. ಅತ್ತೆ ನನ್ನನ್ನೇ ನೋಡಿದರು. ಇನ್ನೊಂದು ಪ್ರಶ್ನೆ ಕೇಳುತ್ತಾರೆಂದು ಕಾದೆ. ಅವರು ಎದ್ದು ಹೋಗಿ ಮಾವನ ಉಣ್ಣೆ ಸ್ವೆಟರನ್ನೂ ತಮ್ಮ ತೆಳು ಹತ್ತಿಯ ಸೀರೆಯನ್ನೂ ತಂದು ಒಂದರ ಮೇಲೊಂದು ಇಟ್ಟರು. ಚಟ್ನಿಪುಡಿ ಎರಡು ಡಬ್ಬಿಗಳಲ್ಲಿ ಬಂತು.

"ಎಲ್ಲಿದ್ದೀಯ ಅಂತ ಇನ್ನು ಕೇಳಲ್ಲ" ಎಂದರು, ಜಿಪ್ ಎಳೆಯುತ್ತ. "ಏನು ತಿಂದೆ ಅಂತಾನೂ ಕೇಳಲ್ಲ, ಅದರಲ್ಲೂ ಊರು ಗೊತ್ತಾಗಿಬಿಡುತ್ತೆ. ದಿನಾ ಊಟ ಆಯ್ತು ಅಂತ ಎರಡೇ ಮಾತು ಹಾಕು. ಸಾಕು ನಂಗೆ. ದಾವಣಗೆರೆ ಗ್ರೂಪಿಗೆ ನಾನು ಹೇಳ್ಕೋತೀನಿ."

ಇಷ್ಟನ್ನೇ ಹೇಳಲು ಕೀತ್ ತರಬೇತಿಯ ಪುಸ್ತಕದಲ್ಲಿ ನಲವತ್ತು ಪುಟ ಬರೆದಿದ್ದ. ಸ್ಟೇಷನ್ನಿನಲ್ಲಿ ಅತ್ತೆಯನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಇಂಗ್ಲೆಂಡಿನವರು ಮರ್ಯಾದಸ್ಥರು, ಎಲ್ಲರೂ ನೋಡದವರಂತೆ ನಟಿಸಿದರು.

ಇದನ್ನು ಬರೆಯುತ್ತಿರುವ ಊರಿನ ಹೆಸರನ್ನು ನಿಮಗೂ ಹೇಳುವುದಿಲ್ಲ. ಬಂದ ಹೊಸದರಲ್ಲೇ ಒಂದು ದಿನ ಪೆಟ್ಟಿಗೆಗಳೊಂದಿಗೆ ಹೊರಟೆವು. ಐದನೇ ಚೆಕ್‌ಪೋಸ್ಟಿನಲ್ಲಿ ನಿಜವಾದ ಬಂದೂಕಿನವರು ಬೆಳಗಿನಿಂದ ಸಂಜೆಯವರೆಗೆ ಕೂರಿಸಿದರು. ಅಲ್ಲಿ ಟೀ ಸೀಟಿ ಇರಲಿಲ್ಲ. ಗಡಿಯಾರ ಜೇಬಿನಲ್ಲಿತ್ತು. ಅಲ್ಲಿಯವನಿಗೂ ಅಮ್ಮ ಇದ್ದರು, ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಬಿಸಿಲು ಇಳಿಯುವ ಹೊತ್ತಿಗೆ ಅಡ್ಡಗಂಬ ಎದ್ದಿತು, ಇನ್ಸುಲಿನ್ ಆಸ್ಪತ್ರೆ ಸೇರಿತು. ಬೆಳಗಿನಿಂದ ನನ್ನ ಬಾಯಿಗೆ ನೀರು ಬಿಟ್ಟು ಏನೂ ಬಿದ್ದಿರಲಿಲ್ಲ. ಆಸ್ಪತ್ರೆಯ ಗೋಡೆಗೆ ಒರಗಿ, ಒಪ್ಪಂದದಂತೆ ಬರೆದೆ: "ಊಟ ಆಯ್ತು."

ಹಡರ್ಸ್‌ಫೀಲ್ಡಿನಿಂದ ತಕ್ಷಣ ಉತ್ತರ ಬಂತು.

"ಸುಳ್ಳು. ಮೊದಲು ಏನಾದ್ರೂ ತಿನ್ನು."